ಜಾವಾ ಮಾಡಿದ ಕೈಗಳು

ಕೇಳುಗರಿಗೆ ನಮಸ್ಕಾರ.

ಮೈಸೂರು ಆಕಾಶವಾಣಿ ಇರುವುದು ಯಾದವಗಿರಿಯಲ್ಲಿ. ಜಾವಾ ಬೈಕ್ ತಯಾರಾಗುತ್ತಿದ್ದದ್ದೂ ಇದೇ ಯಾದವಗಿರಿಯಲ್ಲಿ. ಮುಂಬೈನ ಇರಾನಿ ಕುಟುಂಬದವರು ಆಗಿನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ಪಡೆದು, 1961ರಲ್ಲಿ ಇಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರು ಮಾಡಿದರು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. ನಮ್ಮ ಜನ ಮಾತ್ರ ಎರಡನ್ನೂ ಜಾವಾ ಅಂತಲೇ ಕರೆದರು.

ಆ ಗಾಡಿಯ ಠೀವಿಯೇ ಬೇರೆ. 250 ಸಿಸಿ, ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಒಂದೇ ಲಿವರ್, ಎರಡೂ ಎಡಗಾಲಿನ ಕೆಲಸ. ಹೊಸಬರು ಓಡಿಸಲು ಹೋದರೆ ತಬ್ಬಿಬ್ಬಾಗುತ್ತಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆಯೂ ಜಾಸ್ತಿ. ಆಮೇಲೆ ಜಪಾನಿನ ತಂತ್ರಜ್ಞಾನದ, ಕಡಿಮೆ ಪೆಟ್ರೋಲ್ ಕುಡಿಯುವ ಬೈಕುಗಳು ಬಂದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಗಾಡಿಗಳು ಉಳಿದಿವೆ, ಆ ಚಿಂತೆ ಇಲ್ಲ. ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಅಭಿಮಾನಿಗಳು ಸಾಲಾಗಿ ಹೊರಡುತ್ತಾರೆ. ಬಣ್ಣ ಬಳಿದು, ಕ್ರೋಮ್ ತಿಕ್ಕಿ, ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮತ್ತೆ ಬಂತು. ಆದರೆ ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ.

ನನಗೆ ಚಿಂತೆ ಇರುವುದು ಅದನ್ನು ಮಾಡಿದ ಕೈಗಳ ಬಗ್ಗೆ. ರೈಲಿಗೆ ಮೈಸೂರಿನಲ್ಲಿ 1979ರಿಂದಲೇ ವಸ್ತುಸಂಗ್ರಹಾಲಯ ಇದೆ. ಹಳೇ ಕಾರು ನೋಡಬೇಕೆಂದರೆ ಶ್ರೀರಂಗಪಟ್ಟಣದ ಹತ್ತಿರ, ಧರ್ಮಸ್ಥಳದವರ 'ಪಯಣ' ಇದೆ. ಎರಡೂ ಚೆಂದ. ಆದರೆ ಗಾಜಿನ ಹಾಗೆ ಹೊಳೆಯುವ ಗಾಡಿ ನೋಡಿದರೆ, ಅದರ ಎಂಜಿನ್ ಜೋಡಿಸಿದವರು ಯಾರು, ಟ್ಯಾಂಕಿಗೆ ಬಣ್ಣ ಹೊಡೆದವರು ಯಾರು ಅಂತ ಗೊತ್ತಾಗುವುದಿಲ್ಲ ಅಲ್ವಾ? ಕಾರ್ಖಾನೆ ಮುಚ್ಚಿದಾಗ ನಲವತ್ತು ದಾಟಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಬಿಡಿಭಾಗ ಇನ್ನೂ ಮಾಡಿಸಬಹುದು. ಅವರು ಕಿವಿಯಲ್ಲೇ ಎಂಜಿನ್ನಿನ ತೊಂದರೆ ಹಿಡಿಯುತ್ತಿದ್ದ ಬಗೆಯನ್ನು ಎಲ್ಲಿಂದ ತರೋಣ?

ಅದಕ್ಕೆ ದೊಡ್ಡ ಕಟ್ಟಡ ಬರಲಿ ಅಂತ ಸುಮ್ನೆ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಜಾವಾದಲ್ಲಿ ದುಡಿದವರಿದ್ದರೆ ಈ ಭಾನುವಾರ ಹೋಗಿ ಕೂತುಕೊಳ್ಳಿ. ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಗುರುತಿನ ಚೀಟಿ, ಹಳೇ ಫೋಟೋ ಇದ್ದರೆ ಅದರ ಚಿತ್ರವನ್ನೂ ತೆಗೆದಿಡಿ. ಯಾವ ವಿಭಾಗ, ಯಾವ ಶಿಫ್ಟು ಅಂತ ಮೊದಲು ಕೇಳಿ. ಆಮೇಲೆ ನೀವು ಮಾತಾಡುವುದೇ ಬೇಡ.

ನಮಸ್ಕಾರ.