ಗೋಬರ್ ಗ್ಯಾಸ್ ಕಟ್ಟಿಸುವ ಮುಂಚೆ ಸಗಣಿ ತೂಗಿ

ನಮಸ್ಕಾರ. ನೀವೀಗ ನೋಡ್ತಿರೋದು ಮಲೆನಾಡಿನ ಒಂದು ಮನೆಯ ಹಿತ್ತಲು. ಕೊಟ್ಟಿಗೆ, ಅದಕ್ಕೆ ತಾಗಿಕೊಂಡು ಸಗಣಿ ಕಲಸುವ ತೊಟ್ಟಿ. ನೆಲದಡಿ ಇರೋದು ದೀನಬಂಧು ಮಾದರಿಯ ಗೋಬರ್ ಗ್ಯಾಸ್, 2 ಘನ ಮೀಟರಿನದು, ಅಂದ್ರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವಂಥದ್ದು. ಮೇಲೆ ಇಟ್ಟಿಗೆಯ ಗುಮ್ಮಟ. ತುಕ್ಕು ಹಿಡಿಯೋಕೆ ಕಬ್ಬಿಣದ ಡ್ರಮ್ಮೇ ಇಲ್ಲ.

"ಮನೇಲಿ ಆರು ಜನ ಇದ್ದೀವಿ, ಎಷ್ಟು ದೊಡ್ಡದು ಕಟ್ಟಿಸಬೇಕು?" ಅಂತ ಎಲ್ಲರೂ ಕೇಳ್ತಾರೆ. ದಯವಿಟ್ಟು ಜನ ಎಣಿಸೋ ಮುಂಚೆ ಒಂದು ವಾರ ಸಗಣಿ ತೂಗಿ. 1 ಘನ ಮೀಟರ್ ಗ್ಯಾಸಿಗೆ ದಿನಕ್ಕೆ 25 ಕಿಲೋ ಹಸಿ ಸಗಣಿ ಬೇಕು. ಅಂದ್ರೆ ಈ ಘಟಕಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಕಟ್ಟಿ ಮೇಯಿಸುವ ದೊಡ್ಡ ಹಸುವಾದರೆ ಒಂದಕ್ಕೆ ಸುಮಾರು 10 ಕಿಲೋ ಸಿಗುತ್ತೆ. ಮಲೆನಾಡು ಗಿಡ್ಡ ಚಿಕ್ಕ ದನ, ಹಗಲೆಲ್ಲ ಬೆಟ್ಟದಲ್ಲಿ ಮೇಯುತ್ತೆ. ಅದರದ್ದು ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದಷ್ಟೇ ಲೆಕ್ಕ. ಸೊಪ್ಪು ಹಾಸುವ ಕೊಟ್ಟಿಗೆಯಾದರೆ ಸಗಣಿಯೆಲ್ಲ ಸೊಪ್ಪಿಗೆ ಸೇರಿಹೋಗುತ್ತೆ. ಗ್ಯಾಸ್ ಬೇಕು ಅಂದ್ರೆ ಕಲ್ಲು ಚಪ್ಪಡಿ ಅಥವಾ ಸಿಮೆಂಟ್ ನೆಲ ಆಗಲೇಬೇಕು.

50 ಕಿಲೋ ಬೀಳಬೇಕಾದ ಗುಂಡಿಗೆ 20 ಕಿಲೋ ಹಾಕಿದರೆ, ಒಂದು ಒಲೆ ಎರಡು ಗಂಟೆಯೂ ಉರಿಯಲ್ಲ. ಆಗ ಗುಂಡಿಯನ್ನು ಬೈದು ಪ್ರಯೋಜನ ಇಲ್ಲ. ಸರಿಯಾಗಿ ಹಾಕಿದರೆ ಇದೇ 2 ಘನ ಮೀಟರ್ ತಿಂಗಳಿಗೆ ಹತ್ತಿರ ಹತ್ತಿರ ಎರಡು ಸಿಲಿಂಡರಿನ ಕೆಲಸ ಮಾಡುತ್ತೆ.

ಮೊದಲ ಸಲ ತುಂಬೋಕೆ ಸುಮಾರು 2 ಟನ್ ಸಗಣಿ ಬೇಕು, ಹಾಗಾಗಿ ಮುಂಚಿನಿಂದಲೇ ಕೂಡಿಡಿ. ನಡೀತಿರೋ ಗುಂಡಿಯಿಂದ ನಾಲ್ಕು ಬಕೆಟ್ ಬಗ್ಗಡ ತಂದು ಬೆರೆಸಿದರೆ ಬೇಗ ಹಿಡಿಯುತ್ತೆ. ಶುರುವಿನಲ್ಲಿ ಬರುವ ಗ್ಯಾಸ್ ಉರಿಯಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಬೆಂಕಿ ದೂರ ಇಟ್ಟು, ಬಯಲಿನಲ್ಲಿ ಬಿಟ್ಟುಬಿಡಿ.

ಈಗ ಒಲೆ ಹತ್ತಿರ ಬನ್ನಿ. ಉರಿ ನೋಡಿ, ಪಕ ಪಕ ಅಂತ ಕುಣೀತಿದೆ. ಗ್ಯಾಸ್ ಕಮ್ಮಿಯಾಗಿಲ್ಲ, ಪೈಪಿನಲ್ಲಿ ನೀರು ಕೂತಿದೆ. ಗುಂಡಿಯಿಂದ ಹೊರಡುವ ಗ್ಯಾಸಿನಲ್ಲಿ ತೇವ ತುಂಬಿರುತ್ತೆ, ಪೈಪ್ ತಣ್ಣಗಾದ ಕಡೆ ಅದು ಹನಿಯಾಗುತ್ತೆ. ಅದಕ್ಕೇ ಪೈಪನ್ನು ಇಳಿಜಾರಾಗಿ ಹಾಕಿ, ತೀರಾ ತಗ್ಗಿನಲ್ಲಿ ಒಂದು ನಲ್ಲಿ ಇಟ್ಟಿರಬೇಕು. ಒಲೆ ಆರಿಸಿ, ಮೇನ್ ವಾಲ್ವ್ ಮುಚ್ಚಿ, ಈ ನಲ್ಲಿ ತಿರುಗಿಸಿ. ಬಂತಲ್ಲ ಕಪ್ಪು ನೀರು? ಅರ್ಧ ಲೋಟ ಇರಬಹುದು. ನಲ್ಲಿ ಮುಚ್ಚಿ ಒಲೆ ಹಚ್ಚಿದರೆ ಉರಿ ನೀಲಿ, ನೆಟ್ಟಗೆ. ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಕೈಬಿಟ್ಟಿರೋದು ಇಷ್ಟು ನೀರಿನ ಸಲುವಾಗಿ. ಬೇಜಾರಾಗುತ್ತೆ.

ಒಲೆಯೂ ಗೋಬರ್ ಗ್ಯಾಸಿನದ್ದೇ ಆಗಬೇಕು. ಸಿಲಿಂಡರ್ ಸ್ಟೌವಿನ ಜೆಟ್ ತೂತು ಇದಕ್ಕೆ ತೀರಾ ಸಣ್ಣದು.

ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗಬಾರದು, ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಹುಲ್ಲು, ಅಡಿಕೆ ಸಿಪ್ಪೆ ಸೇರಿದರೆ ಮೇಲೆ ದಪ್ಪ ಕೆನೆ ಕಟ್ಟಿ ಗ್ಯಾಸ್ ಏಳಲ್ಲ. ಬಿದಿರಿನ ಗಳದಿಂದ ಹೊರಗಿನಿಂದಲೇ ಕದಡಿ. ಏನೇ ಆದರೂ ಗುಂಡಿಯೊಳಗೆ ಇಳಿಯಬೇಡಿ. ಖಾಲಿ ಕಂಡರೂ ಅಲ್ಲಿ ಉಸಿರಾಡೋಕೆ ಗಾಳಿ ಇರಲ್ಲ, ವಿಷಾನಿಲ ಇರುತ್ತೆ. ಇಳಿದವರನ್ನು ಎತ್ತಲು ಹೋದವರೂ ಜೀವ ಬಿಟ್ಟಿದ್ದಾರೆ.

ಮಳೆಗಾಲದಲ್ಲಿ ಥಂಡಿಗೆ ಗ್ಯಾಸ್ ಇಳಿಯುತ್ತೆ, ಸೌದೆಯೂ ಒದ್ದೆ. ಸೂರಿನ ನೀರು ತೊಟ್ಟಿಗೆ ಬಿದ್ದರಂತೂ ಸಗಣಿ ನೀರಾಗಿ, ಕೊಳೆಯೋ ಮುಂಚೆಯೇ ಆಚೆ ಹೋಗುತ್ತೆ. ತೊಟ್ಟಿಗೆ ಮುಚ್ಚಳ ಮಾಡಿಸಿ, ಕಲಸೋಕೆ ಬಿಸಿಲಿಗಿಟ್ಟ ನೀರೋ, ಬಚ್ಚಲೊಲೆಯ ಉಗುರುಬೆಚ್ಚಗಿನ ನೀರೋ ಬಳಸಿ.

ಇನ್ನು, "ಸಗಣಿಯೆಲ್ಲ ಒಲೆಗೆ ಹೋದರೆ ತೋಟಕ್ಕೇನು?" ಅನ್ನೋರಿಗೆ: ಗೊಬ್ಬರದ ಸಾರಜನಕ, ಗ್ಯಾಸ್ ಆದ ಮೇಲೆ ಆಚೆ ಬರುವ ಬಗ್ಗಡದಲ್ಲೇ ಉಳಿಯುತ್ತೆ. ಬಿಸಿಲಿಗೆ ಬಿಟ್ಟರೆ ಹಾರಿಹೋಗುತ್ತೆ. ಎರಡು ಗುಂಡಿ ತೋಡಿ, ಒಂದು ಪದರ ದರಕು (ಒಣಗಿದ ಎಲೆ), ಒಂದು ಪದರ ಬಗ್ಗಡ ಹಾಕ್ತಾ ಬನ್ನಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ.