ಹತ್ತು ರೌಟರಿಗೆ ಹತ್ತೇ ಗೆರೆ

ಕೇಳುಗರಿಗೆ ನಮಸ್ಕಾರ. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು. ಅದೂ ಒಂದೇ ಮಾತು: ಗೆರೆ ಕಡಿಮೆ ಇರಲಿ.

ರೌಟರು ಎಂದರೆ ಮಾಹಿತಿಗೆ ದಾರಿ ತೋರುವ ಪೆಟ್ಟಿಗೆ; ಓಎಸ್‌ಪಿಎಫ್ ಎಂದರೆ ರೌಟರುಗಳು ಪರಸ್ಪರ ಮಾತಾಡಿಕೊಂಡು ಹತ್ತಿರದ ದಾರಿ ಲೆಕ್ಕಹಾಕುವ ಪದ್ಧತಿ. ಅದು ಓಡುವ ರೌಟರು ತನ್ನ ವಲಯದ, ಅಂದರೆ ಜಾಲದಲ್ಲಿ ತಾನಿರುವ ಭಾಗದ, ಪೂರ್ತಿ ನಕ್ಷೆ ಇಟ್ಟುಕೊಂಡಿರುತ್ತದೆ. ಒಂದೇ ಸ್ವಿಚ್ಚಿಗೆ 10 ರೌಟರ್ ಸಿಕ್ಕಿಸಿದ್ದೀರಿ ಎನ್ನಿ. ನಕ್ಷೆಯಲ್ಲಿ ಜೋಡಿಗೊಂದು ಗೆರೆ ಎಳೆದರೆ 45 ಆಯಿತು. 100 ರೌಟರಿಗೆ 4,950! ಓಎಸ್‌ಪಿಎಫ್ ಹಾಗೆ ಎಳೆಯುವುದಿಲ್ಲ. ನಡುವೆ ಒಂದು ಹುಸಿ ಚುಕ್ಕಿ ಇಟ್ಟು, ಪ್ರತಿ ರೌಟರಿನಿಂದ ಅದಕ್ಕೊಂದು ಗೆರೆ ಎಳೆಯುತ್ತದೆ. ಹತ್ತೇ ಗೆರೆ. ಚುಕ್ಕಿಗೆ ಹೋಗಲು ಖರ್ಚು ಉಂಟು, ಚುಕ್ಕಿಯಿಂದ ಹೊರಡಲು ಸೊನ್ನೆ. ಹಾಗಾಗಿ ದೂರದ ಲೆಕ್ಕ ತಪ್ಪುವುದಿಲ್ಲ.

ಚುಕ್ಕಿಯ ಪರವಾಗಿ ಮಾತಾಡುವುದು ಡೆಸಿಗ್ನೇಟೆಡ್ ರೌಟರ್, ಅಂದರೆ ರೌಟರುಗಳು ತಮ್ಮೊಳಗೇ ಚುನಾವಣೆ ಮಾಡಿ ಆರಿಸುವ ಒಂದು ರೌಟರ್. ಪ್ರಯಾರಿಟಿ, ಅಂದರೆ ನಾವು ಕೊಡುವ ಆದ್ಯತೆಯ ಅಂಕಿ, ಹೆಚ್ಚಿದ್ದದ್ದು ಗೆಲ್ಲುತ್ತದೆ. ಎಲ್ಲದರದ್ದೂ ಮಾಮೂಲಿ 1 ಇದ್ದರೆ ದೊಡ್ಡ ರೌಟರ್ ಐಡಿ (ಗುರುತಿನ ಸಂಖ್ಯೆ) ಇರುವುದು. ಮೂಲೆಯ ಹಳೇ ಡಬ್ಬಕ್ಕೆ ಪಟ್ಟ ಸಿಗುವುದು ಹೀಗೇ. ಆಮೇಲೆ ಗಟ್ಟಿ ರೌಟರ್ ತಂದಿಟ್ಟರೂ ಪಟ್ಟ ಬಿಡುವುದಿಲ್ಲ. ಹಳೆಯದಕ್ಕೆ ಮೊದಲೇ ಪ್ರಯಾರಿಟಿ 0 ಕೊಡಿ, ಅದು ಸ್ಪರ್ಧೆಗೇ ನಿಲ್ಲುವುದಿಲ್ಲ.

ಇಂಟರ್ನೆಟ್ಟಿನ ದೊಡ್ಡ ರೌಟರುಗಳಲ್ಲಿ ಇರುವುದು ನಕ್ಷೆಯಲ್ಲ, ದಾರಿಗಳ ಪಟ್ಟಿ. ಅಲ್ಲೂ ಇದೇ ಮಾತು. 2014ರ ಆಗಸ್ಟ್ 12ರ ಕಥೆ ಕೇಳಿ. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 6500 ಬಳಗದ ಹಳೆಯ ಪೆಟ್ಟಿಗೆಗಳಲ್ಲಿ ಟಿಕ್ಯಾಮ್ ಎಂಬ ವೇಗದ ಮೆಮೊರಿ. ಬಂದಂತೆಯೇ ಬಳಸಿದರೆ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್ ವಿಳಾಸ) ದಾರಿಗಳಿಗೆ ಅದರಲ್ಲಿ 512ಕೆ, ಅಂದರೆ 5,24,288 ಜಾಗ. ಜಗತ್ತಿನ ಪಟ್ಟಿ ಐದು ಲಕ್ಷ ಮೀರಿ ಬೆಳೆದು ಅಂಚಿಗೆ ಬಂದಿತ್ತು. ಅಂದು ಅಮೆರಿಕದ ವೆರೈಝನ್ ಜಾಲದಿಂದ, ಒಟ್ಟಾಗಿ ಸಾರಬೇಕಿದ್ದ ವಿಳಾಸಗಳು ಚೂರುಚೂರಾಗಿ ಸುಮಾರು 15,000 ಹೊಸ ದಾರಿಗಳಾಗಿ ಹೊರಬಿದ್ದವು. ಟಿಕ್ಯಾಮ್ ತುಂಬಿತು. ಅದರಲ್ಲಿ ಹಿಡಿಸದ ದಾರಿಗಳ ಪ್ಯಾಕೆಟ್ಟುಗಳು ಸಿಪಿಯು ತಲೆಗೆ ಬಂದವು, ಅದು ಏದುಸಿರು ಬಿಟ್ಟಿತು, ಎಷ್ಟೋ ಜಾಲತಾಣಗಳು ತೆವಳಿದವು. ವೆರೈಝನ್ ಬೇಗನೇ ಆ ಚೂರುಗಳನ್ನು ಹಿಂತೆಗೆದುಕೊಂಡಿತು, ನಿಜ. ಆದರೆ ಸಿಸ್ಕೋ ಮೇ ತಿಂಗಳಲ್ಲೇ ಎಚ್ಚರಿಸಿತ್ತಲ್ಲ! ಹೊಸ ಬಗೆಯ ವಿಳಾಸವಾದ ಐಪಿವಿ6ರ ಪಾಲಿನ ಜಾಗವನ್ನು ಐಪಿವಿ4ಕ್ಕೆ ಕೊಟ್ಟು ಒಮ್ಮೆ ರೀಬೂಟ್ ಮಾಡಿದ್ದರೆ ಸಾಕಿತ್ತು.

ಅಯ್ಯೋ, ಸಮಯ ಮುಗಿಯುತ್ತ ಬಂತು. ಉಳಿದದ್ದು ಚುಟುಕಾಗಿ. 10.20.0ರಿಂದ 10.20.3ರವರೆಗೆ ನಾಲ್ಕು ಜಾಲಗಳಿದ್ದರೆ, ವಲಯದ ಗಡಿ ರೌಟರಿನಲ್ಲಿ ನಾಲ್ಕನ್ನೂ ಒಳಗೊಳ್ಳುವ 10.20.0.0 ಸ್ಲ್ಯಾಶ್ 22 ಎಂದು ಒಂದೇ ಸಾಲು ಸಾರಿ. ಎರಡೇ ರೌಟರ್ ಇರುವ ಕೇಬಲ್ಲಿಗೆ ಪಾಯಿಂಟ್-ಟು-ಪಾಯಿಂಟ್ ಎಂದು ಬರೆಯಿರಿ. ಚುಕ್ಕಿಯೂ ಬೇಡ, ಚುನಾವಣೆಗೆ 40 ಸೆಕೆಂಡ್ ಕಾಯುವುದೂ ಬೇಡ. ಆದರೆ ಎರಡೂ ತುದಿಯಲ್ಲಿ ಬರೆಯಿರಿ. ಒಂದು ತುದಿ ಮರೆತರೆ ಎರಡು ರೌಟರುಗಳ ನೆಂಟಸ್ತಿಕೆ 'ಫುಲ್' (ಪೂರ್ತಿ ಕೂಡಿದೆ) ಎಂದೇ ತೋರಿಸುತ್ತದೆ, ದಾರಿ ಮಾತ್ರ ಒಂದೂ ಬರುವುದಿಲ್ಲ.