ಗುಲ್ಲಿಗೆ ಬಿದ್ದ ಸರ್ಕಾರಿ ಮುದ್ರೆ

ಕೇಳುಗರಿಗೆ ನಮಸ್ಕಾರ.

ಊರಿಗೆ ಕೇಡು ಬಂದಾಗ ಅದರ ಹೊಣೆಯನ್ನು ಹೊರಗಿನಿಂದ ಬಂದವರ ತಲೆಗೆ ಕಟ್ಟುವ ಚಾಳಿ ಯಾವ ದೇಶವನ್ನೂ ಬಿಟ್ಟಿಲ್ಲ. ಗಲ್ಲಿಯಲ್ಲಿ ಹುಟ್ಟಿದ ಗುಲ್ಲು ನರಹತ್ಯೆಯವರೆಗೆ ಬೆಳೆಯುವುದು ಹೇಗೆ, ನಡುವೆ ಯಾರ ಯಾರ ಕೈ ಸೇರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕೆಂದರೆ 1923ರ ಜಪಾನಿನತ್ತ ತಿರುಗಬೇಕು.

ಆ ವರ್ಷದ ಸೆಪ್ಟೆಂಬರ್ 1, ಶನಿವಾರ. ಮಧ್ಯಾಹ್ನ 12 ಗಂಟೆಗೆ ಎರಡು ನಿಮಿಷವಿರುವಾಗ ಟೋಕಿಯೊ ಮತ್ತು ಯೊಕೊಹಾಮಾ ನಗರಗಳ ಸುತ್ತಲಿನ ಕಾಂಟೊ ಪ್ರದೇಶದಲ್ಲಿ ಭೂಮಿ ನಡುಗಿತು. ಮನೆಮನೆಯಲ್ಲೂ ಊಟಕ್ಕಾಗಿ ಒಲೆ ಹೊತ್ತಿಸಿದ್ದ ಹೊತ್ತು. ಕುಸಿದ ಮರದ ಮನೆಗಳಿಗೆ ಕೆಂಡ ತಗುಲಿ, ಬಿರುಗಾಳಿಯೂ ಜೊತೆಗೂಡಿ, ಬೆಂಕಿ ಎರಡು ದಿನ ಉರಿಯಿತು. ಸತ್ತವರು ಮತ್ತು ಕಾಣೆಯಾದವರು ಸುಮಾರು 1,05,000 ಮಂದಿ. ಪತ್ರಿಕಾ ಕಚೇರಿಗಳು ಸುಟ್ಟುಹೋದವು, ತಂತಿ ಸಂಪರ್ಕ ಕಡಿಯಿತು, ಬಾನುಲಿ ಆ ದೇಶಕ್ಕೆ ಇನ್ನೂ ಬಂದಿರಲಿಲ್ಲ. ಅಂದೇ ಸಂಜೆಯ ಹೊತ್ತಿಗೆ, ಕೊರಿಯಾದವರು ಬೆಂಕಿ ಹಚ್ಚುತ್ತಿದ್ದಾರೆ, ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂಬ ಮಾತು ಹಬ್ಬತೊಡಗಿತು.

ಕೊರಿಯಾದವರೇ ಏಕೆ? ಅವರ ದೇಶವನ್ನು ಜಪಾನ್ 1910ರಲ್ಲಿ ನುಂಗಿಕೊಂಡಿತ್ತು. 1919ರಲ್ಲಿ ಎದ್ದ ಸ್ವಾತಂತ್ರ್ಯ ಚಳವಳಿಯನ್ನು ರಕ್ತ ಹರಿಸಿ ಅಡಗಿಸಿತ್ತು. ಅಲ್ಲಿಂದ ಹೊಟ್ಟೆಪಾಡಿಗಾಗಿ ಬಂದವರು ಕಡಿಮೆ ಕೂಲಿಗೆ ಮಣ್ಣು ಹೊರುತ್ತಿದ್ದರು. ಅವರ ಮೇಲಿದ್ದ ತಾತ್ಸಾರದ ಅಡಿಯಲ್ಲಿ, ತಾವು ಮಾಡಿದ ಅನ್ಯಾಯಕ್ಕೆ ಇವರು ಎಂದಾದರೂ ಸೇಡು ತೀರಿಸಿಕೊಂಡಾರು ಎಂಬ ಅಳುಕೂ ಇತ್ತೆಂದು ನನಗನ್ನಿಸುತ್ತದೆ. ಭೂಮಿ ನಡುಗಿದ ಮೇಲೆ ಬಾವಿಯ ನೀರು ಕದಡುವುದು ಸಹಜ. ಅದು ವಿಷವಾಗಿ ಕಂಡಿತು. ಹಾಲು, ಪತ್ರಿಕೆ ಹಾಕುವವರು ತಮ್ಮ ಗುರುತಿಗಾಗಿ ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದ ಗೀಟುಗಳು ಬಾಂಬ್ ಇಡುವವರ ಸಂಕೇತಗಳಾಗಿ ಕಂಡವು.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಕಂಗೆಟ್ಟ ಜನರ ಭ್ರಮೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಸೆಪ್ಟೆಂಬರ್ 2ರಂದು ಸೇನಾ ಆಡಳಿತ ಜಾರಿಗೆ ಬಂತು. ಮರುದಿನ ಬೆಳಿಗ್ಗೆ ಗೃಹ ಇಲಾಖೆಯ ಪೊಲೀಸ್ ವಿಭಾಗವು ಫುನಬಾಶಿಯ ನೌಕಾಪಡೆ ನಿಸ್ತಂತು ಕೇಂದ್ರದಿಂದ ಎಲ್ಲ ಪ್ರಾಂತಗಳ ಆಡಳಿತಾಧಿಕಾರಿಗಳಿಗೆ ಸಂದೇಶ ಕಳುಹಿಸಿತು: ಕೊರಿಯಾದವರು ಅಲ್ಲಲ್ಲಿ ಬೆಂಕಿ ಹಚ್ಚುತ್ತಿದ್ದಾರೆ, ಬಾಂಬ್ ಇಟ್ಟುಕೊಂಡವರೂ ಇದ್ದಾರೆ, ಅವರ ಮೇಲೆ ಬಿಗಿ ಹತೋಟಿ ಇಡಿ ಎಂದು. ಗುಲ್ಲಿಗೆ ಸರ್ಕಾರಿ ಮುದ್ರೆ ಬಿದ್ದದ್ದು ಹೀಗೆ. ಮುದ್ರೆ ಬಿದ್ದ ಮೇಲೆ ಮನೆ ಕಳೆದುಕೊಂಡ ಅಂಗಡಿಕಾರನೂ ಬಡಗಿಯೂ ಬಿದಿರಿನ ಈಟಿ, ಕತ್ತಿ, ಕೊಕ್ಕೆಗಳನ್ನು ಹಿಡಿದು ಕಾವಲು ಪಡೆ ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ತಾವು ದೇಶಸೇವೆ ಮಾಡುತ್ತಿದ್ದೇವೆಂದೇ ಅವರು ನಂಬಿದ್ದರು.

ದಾರಿಹೋಕರನ್ನು ತಡೆದು ಅವರು ಒಡ್ಡುತ್ತಿದ್ದ ಪರೀಕ್ಷೆ ವಿಚಿತ್ರವಾದದ್ದು. "ಜೂಗೋ-ಎನ್ ಗೋಜುಸ್ಸೆನ್" ಎಂದು, ಅಂದರೆ ಹದಿನೈದು ಯೆನ್ ಐವತ್ತು ಸೆನ್ ಎಂದು, ಹೇಳಿಸುತ್ತಿದ್ದರು. ಕೊರಿಯನ್ನರ ನಾಲಿಗೆಗೆ ಪದದ ಮೊದಲಿನ ಜಕಾರ, ಗಕಾರಗಳು ಸುಲಭವಾಗಿ ಒಗ್ಗುವುದಿಲ್ಲ. ನಮ್ಮಲ್ಲಿ ಹಕಾರದ ಜಾಗದಲ್ಲಿ ಅಕಾರ ಬಂದರೆ ನಗೆಯಾಡಿ ಬಿಡುತ್ತೇವೆ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಜೀವ ಹೋಗುತ್ತಿತ್ತು. ಚೀನೀಯರೂ ಸತ್ತರು, ದೂರದ ಪ್ರಾಂತಗಳ ಜಪಾನೀಯರೂ ಸತ್ತರು. ಸೆಪ್ಟೆಂಬರ್ 6ರಂದು ಚಿಬಾ ಪ್ರಾಂತದ ಫುಕುದಾ ಎಂಬ ಹಳ್ಳಿಯಲ್ಲಿ, ಕಗಾವಾ ಪ್ರಾಂತದಿಂದ ಔಷಧಿ ಮಾರಲು ಬಂದಿದ್ದ 15 ಜನರ ತಂಡದ ಮಾತಿನ ಧಾಟಿ ಬೇರೆಯಿದೆಯೆಂದು ಅನುಮಾನಪಟ್ಟು, ಒಂಬತ್ತು ಮಂದಿಯನ್ನು ಕೊಂದರು; ಅವರಲ್ಲಿ ಪುಟ್ಟ ಮಕ್ಕಳೂ ಒಬ್ಬ ಗರ್ಭಿಣಿಯೂ ಇದ್ದರು. ಶಿಕ್ಷೆಯಾದ ಊರವರಿಗೆ ಹೊಸ ಚಕ್ರವರ್ತಿಯ ಕಾಲದಲ್ಲಿ ಕ್ಷಮಾದಾನ ಸಿಕ್ಕಿತು.

ಅದೇ ದಿನಗಳಲ್ಲಿ ಯೊಕೊಹಾಮಾ ಬಳಿಯ ತ್ಸುರುಮಿಯ ಠಾಣಾಧಿಕಾರಿ ಒಕಾವಾ ತ್ಸುನೆಕಿಚಿ ಸುಮಾರು 300 ಕೊರಿಯನ್ನರನ್ನು ತನ್ನ ಠಾಣೆಯಲ್ಲಿ ಇರಿಸಿಕೊಂಡ. ಇದು ವಿಷದ ನೀರು ಎಂದು ಗುಂಪು ತಂದು ತೋರಿಸಿದ ಸೀಸೆಯನ್ನು ಎಲ್ಲರ ಎದುರು ಎತ್ತಿ ಕುಡಿದುಬಿಟ್ಟ. ಇವರನ್ನು ಮುಟ್ಟುವ ಮೊದಲು ನನ್ನನ್ನು ಕೊಲ್ಲಿ ಎಂದು ಬಾಗಿಲಲ್ಲಿ ನಿಂತ. ಗುಂಪು ಹಿಂದೆ ಸರಿಯಿತು. ಅವನೂ ಪೊಲೀಸನೇ, ಸುಳ್ಳಿಗೆ ಮುದ್ರೆ ಒತ್ತಿದ ಇಲಾಖೆಯವನೇ. ಕೆರಳಿದ ಗುಂಪನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ ಎಂಬ ಸಬೂಬನ್ನು ಇವನೊಬ್ಬನ ನಡತೆಯೇ ಸುಳ್ಳಾಗಿಸುತ್ತದೆ.

ಹಾಗೆಂದು ಅಧಿಕಾರಿಗಳ ಮುದ್ರೆಯಿಲ್ಲದೆ ಗುಲ್ಲು ಕೊಲ್ಲುವುದೇ ಇಲ್ಲ ಎನ್ನಲಾಗದು. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಕಡೆಯ ಯುವಕರನ್ನು ಮಕ್ಕಳ ಕಳ್ಳರೆಂದು ಬಗೆದು ಬಡಿದರು, ಒಬ್ಬ ಸತ್ತ. ಅಲ್ಲಿ ಮುದ್ರೆಯ ಕೆಲಸವನ್ನು ವಾಟ್ಸ್ಆ್ಯಪ್ ಮಾಡಿತು.

ಕಾಂಟೊದಲ್ಲಿ ಕೊಲೆಯಾದವರ ಸಂಖ್ಯೆ ಇಂದಿಗೂ ವಿವಾದದಲ್ಲಿದೆ; ಸರ್ಕಾರ ಅಂದು ಒಪ್ಪಿಕೊಂಡದ್ದು ಕೆಲವು ನೂರು, ಕೊರಿಯಾದ ಹೋರಾಟಗಾರರ ಲೆಕ್ಕ ಆರು ಸಾವಿರ ದಾಟುತ್ತದೆ. ಟೋಕಿಯೊದ ಯೊಕೊಅಮಿಚೊ ಉದ್ಯಾನದಲ್ಲಿ 1973ರಲ್ಲಿ ಅವರಿಗಾಗಿ ಸ್ಮಾರಕ ನಿಲ್ಲಿಸಿದರು. ಅಲ್ಲಿನ ವಾರ್ಷಿಕ ಸ್ಮರಣೆಗೆ ನಗರದ ಗವರ್ನರ್ ಸಂತಾಪ ಸಂದೇಶ ಕಳುಹಿಸುವ ರೂಢಿ 2017ರಲ್ಲಿ ನಿಂತುಹೋಯಿತು. ನೂರು ವರ್ಷ ತುಂಬಿದ 2023ರಲ್ಲಿ ಜಪಾನ್ ಸರ್ಕಾರದ ವಕ್ತಾರರು, ಈ ಹತ್ಯೆಗಳ ವಾಸ್ತವವನ್ನು ತಿಳಿಸುವ ದಾಖಲೆ ಸರ್ಕಾರದೊಳಗೆ ಸಿಕ್ಕಿಲ್ಲ ಎಂದರು. ಫುನಬಾಶಿಯಿಂದ ಹೊರಟ ಆ ಸಂದೇಶದ ಪ್ರತಿ ಅದೇ ಸರ್ಕಾರದ ರಕ್ಷಣಾ ಇಲಾಖೆಯ ದಾಖಲೆಗಳ ಸಂಗ್ರಹದಲ್ಲಿದೆ.